ಆಯಿ ಸಾರಿಸಿದ ಗೋಡಿ, ಅಪ್ಪ ತಂದ ಬಣ್ಣ

ಈ ವಾರದ ಸಂಚಿಕೆ ಶುರು ಮಾಡೋದಕ್ಕೆ ಮೊದಲು ಒಂದು ಸದ್ದು ಕೇಳಿಸ್ತೀನಿ. ಇಯರ್‌ಫೋನ್ ಹಾಕ್ಕೊಂಡಿದ್ರೆ ವಾಲ್ಯೂಮ್ ಸ್ವಲ್ಪ ಇಳಿಸಿಕೊಳ್ರಿ.

(ಗೋಡೆ ಕೆರೆಯುವ ಸದ್ದು)

ಕೇಳಿಸ್ತಲ್ಲ? ಖುರಪಿಯಿಂದ ಗೋಡೆ ಕೆರೆಯೋ ಸದ್ದು ಇದು. ಊರು ತಾಂಬಾ, ಇಂಡಿ ತಾಲೂಕು, ವಿಜಯಪುರ ಜಿಲ್ಲೆ. ಮನೆ ನಮ್ಮದೇ, ಕೆರೀತಿರೋಳು ನಾನೇ. ತಮ್ಮನ ಲಗ್ನಕ್ಕೆ ಇಪ್ಪತ್ತು ದಿನ ಉಳಿದಿತ್ತು. ತಲಬಾಗಿಲ ಪಕ್ಕದ ಗೋಡೆ ಮೇಲೆ ಬಣ್ಣ ಹಪ್ಪಳದ ಹಾಗೆ ಎದ್ದು ನಿಂತಿತ್ತು. ಪೇಂಟರ್ ಬರೋದರೊಳಗೆ ಅಷ್ಟು ಕೆರೆದಿಡು ಅಂತ ಹೇಳಿ ಅಪ್ಪ ಹೊಲಕ್ಕೆ ಹೋದರು. ಅರ್ಧ ತಾಸಿನ ಕೆಲಸ ಅಂದ್ಕೊಂಡಿದ್ದೆ. ಮೂರು ದಿನ ಹಿಡೀತು. ಯಾಕಂದ್ರೆ ಕೆರೆದಷ್ಟೂ ಒಳಗೆ ಇನ್ನೊಂದು ಬಣ್ಣ ಬರ್ತಾ ಹೋಯ್ತು.

ಎಲ್ಲಕ್ಕಿಂತ ಮೇಲೆ ಬಿಸ್ಕಿಟ್ ಬಣ್ಣದ ಎಮಲ್ಷನ್. ಅದರ ಕೆಳಗೆ ಗಿಳಿ ಹಸಿರು ಡಿಸ್ಟೆಂಪರ್. ಅದರ ಕೆಳಗೆ ಸುಣ್ಣ. ಒಂದು ಸುಣ್ಣ ಅಲ್ಲ, ಚಪಾತಿ ಪದರಿನ ಹಾಗೆ ಒಂದರ ಮೇಲೊಂದು, ಎಣಿಸೋಕೆ ಹೋಗಿ ಇಪ್ಪತ್ತಕ್ಕೆ ಬಿಟ್ಟೆ. ಕೆಲವು ಪದರ ಶುದ್ಧ ಬಿಳಿ, ಕೆಲವಕ್ಕೆ ನೀಲಿ ಛಾಯೆ. ಆ ಸುಣ್ಣದ ನಡುವೆ ಒಂದು ಕಡೆ ಕೆಂಪು ಅಕ್ಷರ ಕಂಡಿತು: ‘ಶುಭ ವಿವಾ’ ಅಂತಷ್ಟೇ. ಇನ್ನೂ ಒಳಗೆ ಕೆಮ್ಮಣ್ಣು. ಕಟ್ಟಕಡೆಗೆ ಹೊಟ್ಟು ಕಲಸಿದ ಮಣ್ಣು, ಅಂದ್ರೆ ಗೋಡೆಯೇ.

ಮನೆಯೊಳಗಿನ ಫ್ಯಾಷನ್ ಕಾಲಕಾಲಕ್ಕೆ ಹೇಗೆ ಬದಲಾಯ್ತು ಅಂತ ಒಂದು ಸಂಚಿಕೆ ಮಾಡೋಣ ಅಂತ ಆಗಲೇ ತಲೆಗೆ ಬಂತು. ಆದರೆ ಆಯಿ ಪಕ್ಕದಲ್ಲೇ ಹೊರಸಿನ ಮೇಲೆ ಕೂತು ಒಂದೊಂದು ಪದರಕ್ಕೂ ಒಂದೊಂದು ಮಾತು ಹೇಳ್ತಾ ಹೋದಳು. ಕೇಳ್ತಾ ಕೇಳ್ತಾ ನನ್ನ ಪ್ರಶ್ನೆಯೇ ಬೇರೆ ಆಯ್ತು. ಒಳಗಿನ ಪದರಗಳನ್ನೆಲ್ಲ ಹಚ್ಚಿದ್ದು ಆಯಿಯ ಕೈ, ಆಕೆಯ ಅತ್ತೆಯ ಕೈ. ಹೊರಗಿನ ಎರಡು ಪದರ ಹಚ್ಚೋವಾಗ ‘ಯಾವ ಬಣ್ಣ ಬೇಕು’ ಅಂತ ಆಕೆಯನ್ನ ಯಾರೂ ಕೇಳಿಲ್ಲ. ಹಂಗಾದ್ರೆ ಗೋಡೆ ಹೆಣ್ಣುಮಕ್ಕಳ ಕೈ ತಪ್ಪಿದ್ದು ಯಾವಾಗ?

ಮಣ್ಣಿನಿಂದಲೇ ಶುರು ಮಾಡ್ತೀನಿ. ನಮ್ಮ ಕಡೆಯ ಹಳೇ ಮನೆ ನೋಡಿದವರಿಗೆ ಗೊತ್ತು: ಎರಡು ಮೊಳ ದಪ್ಪದ ಗೋಡೆ, ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣು ಹೇರಿದ ಮಾಳಗಿ, ನಡುವೆ ಒಂದು ಬೆಳಕಿಂಡಿ. ಗೋಡೆಗೆ ಮೆತ್ತೋ ಮಣ್ಣನ್ನ ಗೋಧಿ ಹೊಟ್ಟಿನ ಜೊತೆ ಕಲಸಿ, ನೀರು ಹಾಕಿ, ದಿನಗಟ್ಟಲೆ ಕೊಳೆಸಿ, ಕಾಲಿಂದ ತುಳೀತಿದ್ರು. ಹೊಟ್ಟು ಮಣ್ಣನ್ನ ಹಿಡಿದಿಡುತ್ತೆ, ಬಿರುಕು ಬಿಡೋಕೆ ಬಿಡಲ್ಲ. ಗೋಡೆ ಕಟ್ಟೋದು ಗಂಡಸರು. ಕಟ್ಟಿದ ಮೇಲೆ ಅದನ್ನ ವರ್ಷಾ ವರ್ಷ ಬದುಕಿಸಿಡೋದು ಹೆಂಗಸರು. ದಸರಾ ಮುಂಚೆ ಒಮ್ಮೆ, ಯುಗಾದಿಗೆ ಒಮ್ಮೆ, ಮನೆಯಲ್ಲಿ ಲಗ್ನ ಇದ್ದರೆ ಮತ್ತೊಮ್ಮೆ. ನೆಲಕ್ಕೆ ಸಗಣಿ ಸಾರಿಸೋದು ವಾರವಾರದ ಕೆಲಸ, ಅದನ್ನ ಯಾರೂ ಲೆಕ್ಕಕ್ಕೇ ಹಿಡೀತಿರಲಿಲ್ಲ.

ಗೋಡೆಯ ಬುಡಕ್ಕೆ ಒಂದು ಮೊಳ ಎತ್ತರ ಕೆಮ್ಮಣ್ಣಿನ ಪಟ್ಟಿ, ಅದರ ಮೇಲೆ ಸುಣ್ಣ. ಸುಣ್ಣ-ಕಾರಣೆ ಅನ್ನೋ ಜೋಡಿ ಮಾತು ಬಂದಿದ್ದು ಇದರಿಂದಲೇ. ನೋಡೋಕೆ ಚಂದ, ಸರಿ. ಆದರೆ ಆ ಪಟ್ಟಿಗೆ ಒಂದು ಕೆಲಸವೂ ಇತ್ತು. ಮಳೆ ಹನಿ ನೆಲಕ್ಕೆ ಬಿದ್ದು ಸಿಡಿಯೋ ಕೆಸರು, ಕಸಬರಿಗೆಯ ಧೂಳು, ಮಕ್ಕಳ ಕಾಲಿನ ಕೊಳೆ, ಎಲ್ಲವೂ ಅಷ್ಟೇ ಎತ್ತರದಲ್ಲಿ ತಾನೇ ಇರೋದು? ಕೆಂಪಿನಲ್ಲಿ ಕಾಣಲ್ಲ. ಇವತ್ತು ಟೈಲ್ಸ್ ಹಾಕಿದ ಮೇಲೂ ಗೋಡೆ ಬುಡಕ್ಕೆ ನಾಲ್ಕು ಇಂಚು ‘ಸ್ಕರ್ಟಿಂಗ್’ ಬಿಡ್ತಾರಲ್ಲ, ಅದೇ ಉಪಾಯ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ನಮ್ಮ ಇಂಡಿ ಸೀಮೆಗೆ ‘ತರ್ದವಾಡಿ ಸಾವಿರ’ ಅಂತ ಹೆಸರು. ತದ್ದೇವಾಡಿ ಅನ್ನೋ ಊರು ಈಗಲೂ ಇದೆ. ಆ ವಂಶದ ದೊರೆ ಮೂರನೇ ಸೋಮೇಶ್ವರ 1130ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಅಂತ ದೊಡ್ಡ ಗ್ರಂಥ ಬರೆದ. ಅಡಿಗೆ, ಆನೆ, ಆಟ, ಸಂಗೀತ ಎಲ್ಲ ಅದರಲ್ಲಿದೆ. ಗೋಡೆಗೆ ಚಿತ್ರ ಬರೆಯೋದಕ್ಕೆ ಮೊದಲು ಅದನ್ನ ಹೇಗೆ ಹದ ಮಾಡಬೇಕು ಅಂತಲೂ ಇದೆ. ಎಮ್ಮೆ ಚರ್ಮವನ್ನ ನೀರಲ್ಲಿ ಕುದಿಸಿ ಕುದಿಸಿ ಅಂಟು ಮಾಡೋದು, ಅದಕ್ಕೆ ‘ವಜ್ರಲೇಪ’ ಅಂತ ಹೆಸರು. ಆ ಅಂಟಿಗೆ ಬಿಳಿ ಮಣ್ಣು ಕಲಸಿ ಗೋಡೆಗೆ ಸವರೋದು. ಬಿಳಿಗೆ ಶಂಖದ ಪುಡಿ, ಹಳದಿಗೆ ಹರಿತಾಳ, ಕೆಂಪಿಗೆ ಇಂಗಲೀಕ, ಕಂದುಗೆಂಪಿಗೆ ಗೈರಿಕ ಅಂದ್ರೆ ನಮ್ಮ ಕಾವಿ, ಕಪ್ಪಿಗೆ ದೀಪದ ಕಾಡಿಗೆ. ಇದನ್ನ ಓದಿ ಹೇಳಿದಾಗ ಆಯಿ ಏನಂದ್ಲು ಗೊತ್ತಾ? ‘ಅಂಟು, ಬಿಳಿ ಮಣ್ಣು, ಕೆಮ್ಮಣ್ಣು, ಮಸಿ. ಇದರಾಗ ಹೊಸಾದ್ ಏನೈತಿ? ಅರಸಗ ಯಾರೋ ಹೆಣಮಗಳ ಹೇಳಿರಬೇಕು.’

ಇರಬಹುದೇನೋ. ಅಂತೂ ಅರಮನೆ ಗೋಡೆಗೆ ಗ್ರಂಥ ಸಿಕ್ಕಿತು, ಮನೆ ಗೋಡೆಗೆ ಸಿಗಲಿಲ್ಲ.

ವಿಜಯಪುರದಲ್ಲೂ ಅದೇ ಕಥೆ. ಗೋಳಗುಮ್ಮಟದ ನೆತ್ತಿಯಿಂದ ಸಣ್ಣ ಮಸೀದಿಯ ಕಮಾನಿನವರೆಗೆ ಆದಿಲಶಾಹಿ ಕಸುಬುದಾರರು ಸುಣ್ಣದ ಗಾರೆಯಲ್ಲಿ ಮಾಡಿದ ಕೆಲಸ ನೋಡೋಕೆ ಇವತ್ತೂ ಜನ ಬರ್ತಾರೆ. 1636ರಲ್ಲಿ ಮಹಮ್ಮದ್ ಆದಿಲಶಾಹನ ಕಾಲಕ್ಕೆ ಜಾಮಿಯಾ ಮಸೀದಿಯ ಮಿಹ್ರಾಬಿಗೆ ಚಿನ್ನ ಮತ್ತು ಬಣ್ಣ ಬಂತು. 1646ರ ಸುಮಾರಿನ ಅಸರ್ ಮಹಲಿನ ಮಹಡಿ ಕೋಣೆಗಳಲ್ಲಿ ಹೂದಾನಿ, ಬಳ್ಳಿ, ಮನುಷ್ಯರ ಚಿತ್ರಗಳಿವೆ. ನಾನು ಹೋಗಿದ್ದೆ, ಆದರೆ ನೋಡಿಲ್ಲ. ಅಲ್ಲಿ ಪ್ರವಾದಿಯವರ ಪವಿತ್ರ ಕೇಶ ಇಟ್ಟಿದ್ದಾರೆ ಅನ್ನೋ ನಂಬಿಕೆ, ಹೆಣ್ಣುಮಕ್ಕಳು ಒಳಗೆ ಹೋಗೋ ವಾಡಿಕೆ ಇಲ್ಲ. ಹೊರಗೆ ನಿಂತು ಆ ಎತ್ತರದ ಮರದ ಕಂಬ ಎಣಿಸಿ ವಾಪಸ್ ಬಂದೆ. ಕುಮಟಗಿ ಮಾತ್ರ ಎಲ್ಲರದ್ದು. ವಿಜಯಪುರದಿಂದ ಸಿಂದಗಿ ಕಡೆ ಬರೋ ದಾರಿಯಲ್ಲಿ ಆದಿಲಶಾಹಿಗಳ ಬೇಸಗೆ ಮಹಲು, ಸುತ್ತ ನೀರು ಚಿಮ್ಮಿಸೋ ಏರ್ಪಾಟು. ಗೋಡೆ ಮೇಲೆ ಕುದುರೆ ಏರಿ ಚೆಂಡಾಡೋರು, ಕುಸ್ತಿ ಆಡೋರು, ಯುರೋಪಿನ ಉಡುಪಿನವರು. ಈಗ ಬಹಳ ಮಾಸಿಹೋಗಿವೆ, ಮೇಲೆ ನಮ್ಮ ಹುಡುಗರು ಹೆಸರು ಬೇರೆ ಕೆತ್ತಿದ್ದಾರೆ. ಹೋದರೆ ದಯಮಾಡಿ ಮುಟ್ಟಬೇಡ್ರಿ.

ಆ ಗೋಡೆಗಳು ಉಳಿದಿದ್ದಕ್ಕೆ ಅವಕ್ಕೆ ಇತಿಹಾಸ ಇದೆ. ಆಯಿಯ ಗೋಡೆಯ ಕಟ್ಟಳೆಯೇ ಬೇರೆ: ಪ್ರತಿ ವರ್ಷ ಹೋದ ವರ್ಷದ್ದನ್ನ ಮುಚ್ಚಬೇಕು. ಆ ಕೆಂಪು ಅಕ್ಷರ ತೋರಿಸಿ, ‘ಇದು ಯಾರ ಲಗ್ನದ್ದು ಆಯಿ?’ ಅಂತ ಕೇಳಿದೆ. ಹಿಂದೆಲ್ಲ ಲಗ್ನ ಅಂದ್ರೆ ಬಾಗಿಲ ಎರಡೂ ಕಡೆ ಗೋಡೆಗೆ ಚಿತ್ರ, ಗಣಪತಿ, ಗಂಡು-ಹೆಣ್ಣಿನ ಹೆಸರು, ತಾರೀಖು ಬರೆಸ್ತಿದ್ರು. ಈಗ ಫ್ಲೆಕ್ಸ್ ಬ್ಯಾನರ್ ಕಟ್ತೀವಲ್ಲ, ಅದರ ಅಜ್ಜ. ಆಯಿ ಕಣ್ಣು ಸಣ್ಣ ಮಾಡಿ ನೋಡಿದ್ಲು. ‘ನಿಮ್ಮ ಅತ್ತಿದು ಇರಬೇಕು. ನಂದು ಇನ್ನೂ ಒಳಗ ಐತಿ. ನನ್ನ ಹೆಸರೂ ಬರದಿದ್ರು ಯವ್ವಾ. ಮುಂದಿನ ದೀವಳಗಿಗೆ ನಾನ ಸುಣ್ಣಾ ಹಚ್ಚಿ ಅಳಿಸಿನಿ.’

ನಾನು ಖುರಪಿ ಕೆಳಗಿಟ್ಟೆ. ಆಮೇಲೆ ಚಮಚದಿಂದ ಕೆರೆದೆ.

ಸುಣ್ಣದ ವಿಷಯ ಬಂದಿದೆ, ಅದನ್ನ ಸ್ವಲ್ಪ ಬಿಡಿಸಿ ಹೇಳಬೇಕು. ಯಾಕಂದ್ರೆ ನಮ್ಮ ವಯಸ್ಸಿನವರಲ್ಲಿ ಬಹಳ ಜನಕ್ಕೆ ಸುಣ್ಣ ಅಂದ್ರೆ ಎಲೆ-ಅಡಿಕೆಯ ಡಬ್ಬಿಯದಷ್ಟೇ. ನಮ್ಮ ಕಪ್ಪು ಮಣ್ಣಿನ ಹೊಲದಲ್ಲಿ ಬಿಳಿ ಹರಳು ಸಿಗುತ್ತೆ, ನೋಡಿರ್ತೀರಿ. ಅದೂ ಸುಣ್ಣದ ಕಲ್ಲೇ. ತಾಳಿಕೋಟಿ, ಮುದ್ದೇಬಿಹಾಳ ಕಡೆ ಹೋದರೆ ಭೂಮಿಯ ಪದರವೇ ಸುಣ್ಣದ ಕಲ್ಲು. ಅದನ್ನ ಭಟ್ಟಿಯಲ್ಲಿ ಸುಟ್ಟರೆ ಸುಟ್ಟ ಸುಣ್ಣ. ನೀರು ಹಾಕಿದರೆ ಒಲೆ ಇಲ್ಲದೇ ಕೊತಕೊತ ಕುದಿಯುತ್ತೆ. ಗೋಡೆಗೆ ಬಳಿದ ಮೇಲೆ ಗಾಳಿಯಲ್ಲಿರೋ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಕಲ್ಲಾಗುತ್ತೆ. ಕಲ್ಲನ್ನ ಸುಟ್ಟು, ನೀರಾಗಿಸಿ, ಗೋಡೆ ಮೇಲೆ ತೆಳ್ಳಗೆ ಮತ್ತೆ ಕಲ್ಲು ಮಾಡೋ ವಿದ್ಯೆ ಇದು. ಸುಣ್ಣ ಸುಡೋದನ್ನೇ ಕಸುಬು ಮಾಡಿಕೊಂಡವರಿದ್ದರು. ನಮ್ಮ ಇಂಡಿ, ಸಿಂದಗಿ ಕಡೆ ‘ಸುಣಗಾರ’ ಅನ್ನೋ ಅಡ್ಡಹೆಸರಿನವರು ನಿಮ್ಮ ಕ್ಲಾಸಿನಲ್ಲೂ ಇದ್ದಿರಬೇಕು, ಅದರ ಮೂಲ ಇದೇ ಕಸುಬು.

ಕುದಿಸಿದ ಸುಣ್ಣವನ್ನ ರಾತ್ರಿಯಿಡೀ ನೆನೆಸಿ, ಅರಿವೆಯಲ್ಲಿ ಸೋಸಿ, ಒಂದಿಷ್ಟು ಅಂಟು ಅಥವಾ ಉಪ್ಪು ಹಾಕಿ, ಪುಂಡಿ ನಾರಿನ ಕುಂಚದಿಂದ ಬಳಿಯೋದು. ಕೈಗೆ ಗ್ಲೌಸ್ ಇಲ್ಲ, ಕಣ್ಣಿಗೆ ಕನ್ನಡಕ ಇಲ್ಲ. ಮೇಲೆ ಜಂತಿಯ ಸಂದಿಗೆ ಹೊಡೆಯೋವಾಗ ಹನಿ ಕಣ್ಣಿಗೇ ಬೀಳುತ್ತೆ. ಆಯಿ ತನ್ನ ಬಲಗೈ ಮುಂದೆ ಚಾಚಿದ್ಲು. ಬೆರಳ ಸಂದಿಯ ಚರ್ಮ ಇವತ್ತೂ ಹುರುಕು ಹುರುಕು. ‘ದೀವಳಗಿ ಹೋಳಿಗಿ ಉಣ್ಣುವಾಗ ಕೈ ಉರೀತಿತ್ತು’ ಅಂದ್ಲು.

ಮತ್ತೆ ಆ ನೀಲಿ ಛಾಯೆ? ಸುಣ್ಣ ದಿನ ಕಳೆದಂತೆ ಸ್ವಲ್ಪ ಹಳದಿಗೆ ತಿರುಗುತ್ತೆ. ಚಿಟಿಕೆ ನೀಲಿ ಹಾಕಿದರೆ ಆ ಹಳದಿ ಕಣ್ಣಿಗೆ ಕಾಣಲ್ಲ, ಬಿಳಿ ಇನ್ನೂ ಬಿಳಿ ಅನಿಸುತ್ತೆ. ಬಟ್ಟೆಗೆ ಹಾಕೋ ನೀಲಿಯೇ ಇದು. ಒಂದು ಕಾಲಕ್ಕೆ ಈ ಬಣ್ಣ ಬೇಕಂದ್ರೆ ಅಫ್ಘಾನಿಸ್ತಾನದ ಗಣಿಯ ಕಲ್ಲನ್ನೇ ಅರೆಯಬೇಕಿತ್ತು, ಬಂಗಾರದಷ್ಟು ದುಬಾರಿ. 1820ರ ದಶಕದಲ್ಲಿ ಫ್ರಾನ್ಸ್, ಜರ್ಮನಿಯಲ್ಲಿ ಅದನ್ನ ಕಾರ್ಖಾನೆಯಲ್ಲಿ ಮಾಡೋದು ಕಂಡುಹಿಡಿದರು. ಯುರೋಪಿನ ಚಿತ್ರಕಾರರು ಕಾಯುತ್ತಿದ್ದ ಬಣ್ಣ ಹೀಗೆ ಪುಡಿಯಾಗಿ, ಅಗ್ಗವಾಗಿ, ತಾಂಬಾದ ಕಿರಾಣಿ ಅಂಗಡಿಗೂ ಬಂತು. ಆಯಿಯ ಗೋಡೆಗೆ ಪ್ಯಾಟಿಯಿಂದ ಬಂದ ಮೊದಲ ಬಣ್ಣ ಅದು. ಎಷ್ಟು ಚಿಟಿಕೆ ಅನ್ನೋದು ಮಾತ್ರ ಇನ್ನೂ ಆಕೆಯ ಕೈಯಲ್ಲೇ ಇತ್ತು.

ಗೋಡೆ ವಿಷಯದಲ್ಲಿ ಸರ್ಕಾರ ಮೂಗು ತೂರಿಸಿದ್ದೂ ಉಂಟು. 1896ರಲ್ಲಿ ಮುಂಬೈಗೆ ಪ್ಲೇಗ್ ಬಂದಾಗ ಅಧಿಕಾರಿಗಳು ಮನೆಮನೆಗೆ ನುಗ್ಗಿ ಸುಣ್ಣ ಹೊಡೆಸಿದರು. ನಮ್ಮ ಜಿಲ್ಲೆ ಆಗ ಮುಂಬೈ ಪ್ರಾಂತ್ಯದ್ದೇ. ಇದಕ್ಕಿಂತ ತಮಾಷೆಯ ಸಂಗತಿ ಆಮೇಲಿನದು. 1953ರಲ್ಲಿ ದೇಶದ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿ ಡಿಡಿಟಿ ಸಿಂಪಡಿಸೋರು ಹಳ್ಳಿಹಳ್ಳಿಗೆ ಬಂದರು. ಸೊಳ್ಳೆ ರಕ್ತ ಕುಡಿದು ಗೋಡೆ ಮೇಲೆ ಕೂರುತ್ತೆ, ಅಲ್ಲಿ ಡಿಡಿಟಿ ಇದ್ದರೆ ಸಾಯುತ್ತೆ ಅನ್ನೋದು ಲೆಕ್ಕ. ಅದಕ್ಕೇ ತಿಂಗಳುಗಟ್ಟಲೆ ಗೋಡೆ ಮುಟ್ಟಬಾರದು. ನಮ್ಮ ದೇಶದ ಹೆಣ್ಣುಮಕ್ಕಳು ಹಬ್ಬ ಬಂದ ಕೂಡಲೇ ಅದರ ಮೇಲೆ ಮಣ್ಣು, ಸಗಣಿ ಸಾರಿಸಿಬಿಟ್ಟರು! ಮಲೇರಿಯಾ ಇಲಾಖೆಗೆ ಇದು ಎಲ್ಲ ಕಡೆಯೂ ತಲೆನೋವಾಗಿತ್ತು. ಆಯಿಯ ಪಾಲಿಗೆ ಅದು ಗಲೀಜು: ‘ಬೆಳ್ಳನ್ನ ಗೆರಿ ಗೆರಿ ಮಾಡಿ ಹೋಗಾವ್ರು. ದೇವರ ಜಗಲಿ ಮುಂದ ಹಂಗ ಬಿಡಾಕ ಬರತೈತೇನ?’

ಈಗ ಬಣ್ಣದ ಡಬ್ಬಿಗೆ ಬರೋಣ. 1942, ಎರಡನೇ ಮಹಾಯುದ್ಧ, ವಿದೇಶಿ ಬಣ್ಣದ ಆಮದು ನಿಂತಿತ್ತು. ಮುಂಬೈಯಲ್ಲಿ ನಾಲ್ಕು ಜನ ಗೆಳೆಯರು ಒಂದು ಗ್ಯಾರೇಜಿನಲ್ಲಿ ಬಣ್ಣ ಮಾಡೋಕೆ ಶುರು ಮಾಡಿದರು. ಅದೇ ಏಷಿಯನ್ ಪೇಂಟ್ಸ್. ದೊಡ್ಡ ಊರುಗಳ ವ್ಯಾಪಾರಿಗಳು ಮೂಸಿ ನೋಡದೇ ಇದ್ದಾಗ ಅವರು ಹಳ್ಳಿಗೆ ಬಂದರು. ಮಹಾರಾಷ್ಟ್ರದ ರೈತರು ಪೋಳಾ ಹಬ್ಬಕ್ಕೆ ಎತ್ತಿನ ಕೋಡಿಗೆ ಬಣ್ಣ ಹಚ್ಚೋದು ನೋಡಿ ಸಣ್ಣ ಸಣ್ಣ ಡಬ್ಬಿ ಮಾಡಿ ಮಾರಿದರು ಅನ್ನೋದು ಈ ಕಂಪನಿ ಬಗ್ಗೆ ಎಲ್ಲರೂ ಹೇಳೋ ಕಥೆ. ನಮಗೆ ಅದು ಕಾರ ಹುಣ್ಣಿಮೆ. ಎತ್ತಿನ ಕೋಡಿಗೆ ತಂದ ಬಣ್ಣ ಮಿಕ್ಕಿದರೆ ಬಾಗಿಲ ಚೌಕಟ್ಟಿಗೆ ಬೀಳ್ತಿತ್ತು. ನಮ್ಮ ಮನೆಯಲ್ಲಿ ಹಾಗೇ ಆಗಿದ್ದು ಅಂತ ಅಪ್ಪ ಹೇಳ್ತಾರೆ. 1954ರಲ್ಲಿ ಅದೇ ಕಂಪನಿಗೆ ಕೈಯಲ್ಲಿ ಬ್ರಷ್ ಹಿಡಿದ ತುಂಟ ಹುಡುಗ ‘ಗಟ್ಟೂ’ ಬಂದ. ಬರೆದವರು ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್. ಆ ಹುಡುಗನ ಬದಲು ಒಬ್ಬ ಹುಡುಗಿಯನ್ನ ಬರೆದಿದ್ದರೆ ಸತ್ಯಕ್ಕೆ ಹತ್ತಿರ ಇರ್ತಿತ್ತು ಅಂತ ನನಗೆ ಈಗ ಅನಿಸುತ್ತೆ.

ಯಾಕಂದ್ರೆ ಡಬ್ಬಿ ಬಂದ ಕೂಡಲೇ ಗೋಡೆಯ ಲೆಕ್ಕ ಬದಲಾಯ್ತು. ಮಣ್ಣು ಕೆರೆಯಂಗಳದ್ದು, ಸಗಣಿ ಮನೆಯದ್ದು, ಸುಣ್ಣಕ್ಕೆ ಜೋಳ ಅಳೆದು ಕೊಟ್ಟರೆ ನಡೀತಿತ್ತು. ಡಿಸ್ಟೆಂಪರಿಗೆ ರೊಕ್ಕ ಬೇಕು. ರೊಕ್ಕ ಇದ್ದದ್ದು ಗಂಡಸರ ಕಿಸೆಯಲ್ಲಿ. ಇಂಡಿಗೆ ನಿಂಬೆಹಣ್ಣು ಮಾರೋಕೆ ಹೋದ ಅಜ್ಜ ಬರೋವಾಗ ಗಿಳಿ ಹಸಿರು ಡಿಸ್ಟೆಂಪರ್ ತಂದ. ಹಚ್ಚೋಕೆ ಕೂಲಿಯವನೂ ಬಂದ. ಆ ದೀಪಾವಳಿಗೆ ಆಯಿಯ ಕೈ ಉರಿಯಲಿಲ್ಲ. ಗೋಡೆ ಬಗ್ಗೆ ಆಕೆಯ ಮಾತೂ ನಡೆಯಲಿಲ್ಲ.

ಇಲ್ಲೇ ಒಂದು ಎಚ್ಚರಿಕೆ ಹೇಳಿಬಿಡ್ತೀನಿ, ಹಳೇ ಮನೆ ಇರೋರು ಕೇಳ್ರಿ. ಬಾಗಿಲ ಚೌಕಟ್ಟಿನ ಹಳೇ ಎಣ್ಣೆ ಬಣ್ಣವನ್ನೂ ನಾನು ಒಣಗಿದ್ದು ಒಣಗಿದ ಹಾಗೆ ಕೆರೆದೆ, ಮುಖಕ್ಕೆ ಏನೂ ಕಟ್ಟಿಕೊಳ್ಳದೆ. ತಪ್ಪು. ಹಳೇ ಎಣ್ಣೆ ಬಣ್ಣಗಳಲ್ಲಿ, ಅದರಲ್ಲೂ ಹಳದಿ, ಕೆಂಪಿನಲ್ಲಿ ಸೀಸ ಇರೋದು ಸಾಮಾನ್ಯ. ಮಕ್ಕಳ ಮಿದುಳಿಗೆ ಅದು ವಿಷ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ ದಾಟಬಾರದು ಅನ್ನೋ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದಿದ್ದೇ 2017ರ ನವೆಂಬರಿನಲ್ಲಿ. ಕೆರೆಯೋದಿದ್ದರೆ ನೀರು ಹಾಕಿ ಒದ್ದೆ ಮಾಡಿ ಕೆರೀರಿ, ಮಾಸ್ಕ್ ಹಾಕ್ರಿ, ಮಕ್ಕಳನ್ನ ದೂರ ಇಡ್ರಿ.

ಮಣ್ಣಿನ ಮನೆಗೆ ದೊಡ್ಡ ಪೆಟ್ಟು ಬಿದ್ದಿದ್ದು 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ. ಲಾತೂರು ಜಿಲ್ಲೆಯ ಕಿಲ್ಲಾರಿ ಭೂಕಂಪ. ಮಣ್ಣಲ್ಲಿ ಕಟ್ಟಿದ ಕಲ್ಲಿನ ಗೋಡೆ, ಮೇಲೆ ಭಾರದ ಮಣ್ಣಿನ ಮಾಳಗಿ: ಅದರ ಕೆಳಗೆ ಮಲಗಿದ್ದ ಸಾವಿರಾರು ಜನ ಎದ್ದೇಳಲಿಲ್ಲ. ನಮ್ಮಲ್ಲೂ ಪಾತ್ರೆ ಅಲುಗಾಡಿದ್ದನ್ನ ಮನೆಯವರು ಇವತ್ತೂ ಹೇಳ್ತಾರೆ. ಎಷ್ಟೋ ರಾತ್ರಿ ಜನ ಅಂಗಳದಲ್ಲೇ ಮಲಗಿದರಂತೆ. ಆಮೇಲೆ ಕೈಯಲ್ಲಿ ನಾಲ್ಕು ಕಾಸು ಬಂದವರೆಲ್ಲ ಇಟ್ಟಂಗಿ, ಸಿಮೆಂಟು, ಸ್ಲ್ಯಾಬ್ ಅಂದರು. ಸರ್ಕಾರದ ಆಶ್ರಯ ಮನೆಗಳೂ ಅವೇ. ಹಳೇ ಮನೆ ಚಂದ ಇತ್ತು, ತಂಪಿತ್ತು ಅಂತ ರೀಲ್ಸ್ ಮಾಡೋರು ಈ ತಾರೀಖನ್ನ ಮರೀಬಾರದು.

ನಮ್ಮ ಮನೆಯಲ್ಲಿ ಅರ್ಧ ಹಳೇದು, ಅರ್ಧ ಹೊಸದು. ಹಿಂದೆ ಸ್ಲ್ಯಾಬಿನ ಎರಡು ಕೋಣೆ ಆದವು, ಮುಂದಿನ ಪಡಸಾಲೆ ಮಣ್ಣಿನ ಗೋಡೆಯದ್ದೇ ಉಳೀತು. ಕೆಲವು ವರ್ಷದ ಹಿಂದೆ ಎಲ್ಲಾ ಒಂದೇ ಥರ ಕಾಣಲಿ ಅಂತ ಪಡಸಾಲೆಗೂ ಸಿಮೆಂಟ್ ಗಿಲಾವು ಮಾಡಿಸಿ, ಪುಟ್ಟಿ ಎಳೆಸಿ, ಎಮಲ್ಷನ್ ಹೊಡೆಸಿದರು. ಅಂಗಡಿಯವನು ಹೇಳಿದ, ನಾವು ಕೇಳಿದೆವು. ಮಣ್ಣಿನ ಗೋಡೆ ನೆಲದಿಂದ ತೇವ ಎಳೆದುಕೊಳ್ಳುತ್ತೆ, ಬಿಸಿಲಿಗೆ ಅದನ್ನ ಹೊರಗೆ ಬಿಡುತ್ತೆ. ಸುಣ್ಣ ಅದಕ್ಕೆ ಅಡ್ಡ ಬರಲ್ಲ. ಸಿಮೆಂಟು, ಪ್ಲಾಸ್ಟಿಕ್ ಬಣ್ಣ ಬಂದರೆ ಬೆವರೋ ಮೈಗೆ ರೈನ್‌ಕೋಟ್ ತೊಡಿಸಿದ ಹಾಗೆ. ತೇವ ಒಳಗೇ ಉಳಿದು ಮಣ್ಣು ಮೆತ್ತಗಾಗುತ್ತೆ. ಹೋದ ವರ್ಷದ ಮಳೆಗಾಲ, ಒಂದು ರಾತ್ರಿ, ಗಿಲಾವಿನ ದೊಡ್ಡ ಹೆಕ್ಕಳಿಕೆ ಕಳಚಿ ಆಯಿಯ ಹೊರಸಿನ ತಲೆದೆಸೆಗೆ ಬಿತ್ತು. ಆಕೆ ಅದೇ ಹೊತ್ತಿಗೆ ನೀರು ಕುಡಿಯೋಕೆ ಎದ್ದಿದ್ದಳು. ಮನೆಯಲ್ಲಿ ಯಾರೂ ಈ ಮಾತು ಜಾಸ್ತಿ ಆಡಲ್ಲ.

ಅದಕ್ಕೇ ಈ ಸಲ ನಾನು ಹಟ ಹಿಡಿದೆ. ಪಡಸಾಲೆಯ ಸಿಮೆಂಟು ತೆಗೆಸಿ, ಮಣ್ಣು ಮೆತ್ತಿಸಿ, ಸುಣ್ಣ ಹಚ್ಚೋಣ ಅಂದೆ. ಅಪ್ಪ, ‘ಬೀಗರು ಏನಂದಾರು?’ ಅಂದರು. ತಮ್ಮ ಮೊಬೈಲಿನಲ್ಲಿ ಬೂದು ಬಣ್ಣದ ಗೋಡೆ, ಪಿಒಪಿ ಸೀಲಿಂಗ್, ಎಲ್‌ಇಡಿ ಪಟ್ಟಿ ತೋರಿಸಿದ. ಎರಡು ದಿನ ಜಗಳ. ಕಡೆಗೆ ಆ ರಾತ್ರಿಯ ಹೆಕ್ಕಳಿಕೆ ನೆನಪಾಗಿಯೋ ಏನೋ, ಅಪ್ಪ ಒಪ್ಪಿದರು. ಸುಣ್ಣ ಹಚ್ಚೋಕೆ ಬರೋರು ಯಾರು? ಪೇಂಟರ್ ಕೈ ಎತ್ತಿದ. ಆಯಿಗೆ ಬಗ್ಗೋಕೆ ಆಗಲ್ಲ. ಆಕೆ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು ಹೇಳಿದ್ಲು, ನಾನು ಮಾಡಿದೆ. ‘ನೀರು ಹಾಕು, ದೂರ ಸರಿ, ಮುಖಾ ತರಬ್ಯಾಡ. ನೀಲಿ ಸಾಕು. ಸಾಕಂದ್ನೆಲ್ಲ, ಯವ್ವಾ!’ ಗ್ಲೌಸ್ ಹಾಕಿದ್ದೆ, ಆದರೂ ಮಣಿಕಟ್ಟಿನ ಹತ್ತಿರ ಸುಟ್ಟಿತು. ಮೊದಲ ಕೋಟು ಒದ್ದೆ ಇದ್ದಾಗ ಏನೂ ಕಾಣಲ್ಲ, ನನ್ನ ಶ್ರಮವೆಲ್ಲ ದಂಡ ಅನಿಸಿತ್ತು. ಮಧ್ಯಾಹ್ನದ ಬಿಸಿಲಿಗೆ ನಿಧಾನಕ್ಕೆ ಬೆಳ್ಳಗಾಯ್ತು. ‘ಶುಭ ವಿವಾ’ ಇದ್ದ ಒಂದು ಗೇಣು ಜಾಗ ಮಾತ್ರ ಹಾಗೇ ಬಿಟ್ಟೆ.

ಸಂಜೆ ಚಹಾ ಕುಡೀತಾ ಕೇಳಿದೆ: ‘ಆಯಿ, ಹಿಂದಿನ ಕ್ವಾಣಿ ನಿಂದು. ಅದಕ್ಕೂ ಸುಣ್ಣಾನ ಹಚ್ಚೋಣೇನು?’

‘ಬ್ಯಾಡ’ ಅಂದ್ಲು, ಒಂದೇ ಸಲಕ್ಕೆ. ‘ಅದು ಇಟ್ಟಂಗಿ ಗ್ವಾಡಿ ಅಲಾ? ನನಗ ದವಾಖಾನಿಯಾಗಿನಂಥಾ ಥಳಥಳ ಹೊಳಿಯೂ ಬಣ್ಣಾ ಹಚ್ಚಸ್ರಿ. ಗುಲಾಬಿ. ಹಸಿ ಅರಿವಿಲೆ ಒರಸಿದ್ರ ಸ್ವಚ್ಛ ಆಗಬೇಕು. ಐವತ್ತು ವರ್ಷ ಸುಣ್ಣಾ ಹಚ್ಚೀನಿ, ಸಾಕ್.’

ಮರುದಿನ ಅಪ್ಪ ಅಂಗಡಿಯಿಂದ ಶೇಡ್ ಕಾರ್ಡ್ ತಂದು ಆಯಿಯ ಮಡಿಲಲ್ಲಿಟ್ಟರು. ಕನ್ನಡಕ ಹಾಕಿಕೊಂಡು, ಹಾಳೆ ಹಾಳೆ ತಿರುವಿ, ಹನ್ನೆರಡು ಗುಲಾಬಿಯಲ್ಲಿ ಒಂದರ ಮೇಲೆ ಬೆರಳಿಟ್ಟಳು. ಅದು ಪೇಂಟರಿಗೆ ಹಿಡಿಸಲಿಲ್ಲ, ‘ಭಾಳ ಡಾರ್ಕ್ ಆಗತೈತ್ರಿ’ ಅಂದ. ಅದನ್ನೇ ಹಚ್ಚಿಸಿದ್ವಿ.

ಲಗ್ನ ಮುಗಿದು ನೆಂಟರೆಲ್ಲ ಹೋದ ಮೇಲೆ ಆಕೆಯ ಕೋಣೆಗೆ ಹೋದೆ. ಯಾವುದೋ ಮಗು ಅರಿಷಿಣದ ಕೈ ಒತ್ತಿ ಹೋಗಿತ್ತು. ಆಯಿ ಸೆರಗಿನ ತುದಿ ನೀರಲ್ಲಿ ಅದ್ದಿ ಆ ಐದು ಬೆರಳನ್ನ ಒಂದೊಂದಾಗಿ ಒರೆಸ್ತಾ ಇದ್ಲು.